ಹಿಮಾಲಯದ ಮೇಲಿನ ಜಗಳ: ಇಸವಿ ಬಿದ್ದಿತು, ಹಿಮ ಕರಗಿತು

2007ರಲ್ಲಿ ಬಂದ, ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ನಾಲ್ಕನೇ ವರದಿಯಲ್ಲಿ, ಏಷ್ಯಾ ಕುರಿತ ಅಧ್ಯಾಯದ ನಡುವೆ, ಹಿಮಾಲಯದ ಹಿಮನದಿಗಳು 2035ರೊಳಗೇ ಇಲ್ಲವಾಗುವ ಸಂಭವ ಬಲವಾಗಿದೆ ಎಂಬ ಮಾತಿತ್ತು. ಅವುಗಳ ವಿಸ್ತಾರ ಐದು ಲಕ್ಷ ಚದರ ಕಿಲೋಮೀಟರಿನಿಂದ ಒಂದು ಲಕ್ಷಕ್ಕೆ ಇಳಿಯುತ್ತದೆ ಎಂದೂ ಇತ್ತು. ವಿಚಿತ್ರವೆಂದರೆ, ಅದೇ ಭಾಗದಲ್ಲಿ ಹಿಮಾಲಯದ ಹಿಮನದಿಗಳ ಒಟ್ಟು ವಿಸ್ತೀರ್ಣ ಸುಮಾರು 30 ಲಕ್ಷ ಹೆಕ್ಟೇರ್, ಅಂದರೆ 30 ಸಾವಿರ ಚದರ ಕಿಲೋಮೀಟರ್, ಎಂದು ಕೊಟ್ಟಿದ್ದರು. ಇರುವುದೇ 30 ಸಾವಿರವಾದರೆ ಐದು ಲಕ್ಷ ಎಲ್ಲಿಂದ ಬಂತು? ಹೈಸ್ಕೂಲಿನ ಲೆಕ್ಕ ಬಲ್ಲವರಿಗೂ ಕಾಣಬೇಕಾದ ತಪ್ಪು ಎರಡು ವರ್ಷ ಯಾರ ಕಣ್ಣಿಗೂ ದೊಡ್ಡದಾಗಿ ಬೀಳಲಿಲ್ಲ.

ಈ ಮಾತಿನ ಬೇರು ಹುಡುಕಿದರೆ ಸಿಗುವುದು ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ 2005ರ ವರದಿ. ಅದರ ಹಿಂದೆ 1999ರ ಒಂದು ವಿಜ್ಞಾನ ಪತ್ರಿಕೆಯ ಸುದ್ದಿ. ಇಸವಿಯಾದರೋ, ಅದಕ್ಕೂ ಮೊದಲು 1996ರಲ್ಲಿ ರಷ್ಯದ ವಿಜ್ಞಾನಿ ಕೊಟ್ಲ್ಯಾಕೋವ್ ಬರೆದದ್ದು 2035 ಅಲ್ಲ, 2350 ಎಂದು. ಐದು ಲಕ್ಷದ ಲೆಕ್ಕವೂ ಅವರದೇ, ಆದರೆ ಅದು ಧ್ರುವಗಳನ್ನು ಬಿಟ್ಟು ಇಡೀ ಭೂಮಿಯ ಹಿಮನದಿಗಳದ್ದು.

2009ರ ನವೆಂಬರಿನಲ್ಲಿ ಪರಿಸರ ಸಚಿವಾಲಯ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ ಅವರ ಚರ್ಚಾಪತ್ರವನ್ನು ಹೊರತಂದಿತು. ಸಚಿವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್. ಹಿಮನದಿಗಳು ಅಸಹಜವಾಗಿ ಹಿಂಜರಿಯುತ್ತಿವೆ, ಅದಕ್ಕೆ ತಾಪಮಾನ ಏರಿಕೆಯೇ ಕಾರಣ ಎನ್ನಲು ಕಾಲ ಇನ್ನೂ ಪಕ್ವವಾಗಿಲ್ಲ ಎಂಬುದು ರೈನಾ ವಾದ. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂಬರ್ಥದಲ್ಲಿ ಜರಿದರು. ಆದರೆ 2010ರ ಜನವರಿಯಲ್ಲಿ 2035ರ ಮಾತಿಗಾಗಿ ಅವರ ಸಂಸ್ಥೆಯೇ ವಿಷಾದ ಸೂಚಿಸಬೇಕಾಯಿತು. ಅಧ್ಯಕ್ಷರ ನಾಲಿಗೆ ಮಾಡಿದಷ್ಟು ಹಾನಿಯನ್ನು ಆ ತಪ್ಪು ಇಸವಿಯೂ ಮಾಡಲಿಲ್ಲವೇನೋ! ತಾಪಮಾನ ಏರಿಕೆಯೇ ಸುಳ್ಳೆಂದು ಹೊರಟವರಿಗೆ ಹಬ್ಬವೋ ಹಬ್ಬ.

ಈ ಗದ್ದಲದಲ್ಲಿ ರೈನಾ ಚರ್ಚಾಪತ್ರವನ್ನು ಕೂತು ಓದಿ ಒರೆಗೆ ಹಚ್ಚುವ ಕೆಲಸ ಹಿಂದೆ ಬಿತ್ತು. ಇಸವಿಯ ಬಗ್ಗೆ ಅನುಮಾನಪಟ್ಟದ್ದು ಸರಿಯೇ. ಆದರೆ ಅವರ ಆಧಾರದ ಬಹುಪಾಲು ಹಿಮನದಿಯ ಮೂತಿ ಎಷ್ಟು ಹಿಂದೆ ಸರಿಯಿತು ಎಂಬ ಅಳತೆ. 2007ರಿಂದ 2009ರವರೆಗೆ ಗಂಗೋತ್ರಿಯ ಮೂತಿ ಬಹುಮಟ್ಟಿಗೆ ನಿಂತಲ್ಲೇ ನಿಂತಿತ್ತು ಎಂದು ಅವರು ತೋರಿಸಿದರು. ಇಷ್ಟರಿಂದ ಕಾರಣದ ಬಗ್ಗೆ ಮಾತಾಡುವುದು ಕಣಜದ ಬಾಗಿಲು ನೋಡಿ ಒಳಗಿನ ಭತ್ತದ ಲೆಕ್ಕ ಹೇಳಿದ ಹಾಗೆ. ಸುಮಾರು 30 ಕಿಲೋಮೀಟರ್ ಉದ್ದದ, ಕೆಳಭಾಗದಲ್ಲಿ ಕಲ್ಲುಮಣ್ಣು ಹೊದ್ದ ಹಿಮನದಿಯ ಮೂತಿ ಬಿಸಿಲಿಗೆ ಕೂಡಲೇ ಓಗೊಡುವುದಿಲ್ಲ; ದಶಕಗಳೇ ಬೇಕು. ಅಷ್ಟರಲ್ಲಿ ಮೇಲಿನ ಹಿಮ ತೆಳುವಾಗುತ್ತಲೇ ಇರುತ್ತದೆ. ಅಳೆಯಬೇಕಾದದ್ದು ಆ ದಪ್ಪವನ್ನು.

ಅದನ್ನು ಅಳೆದವರು ಮುಂದೆ ಬಂದರು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಗೂಢಚರ್ಯೆಯ ಉಪಗ್ರಹಗಳು ತೆಗೆದ ಚಿತ್ರಗಳನ್ನು ಬಳಸಿ ಸುಮಾರು 650 ಹಿಮನದಿಗಳನ್ನು ಪರಿಶೀಲಿಸಿದ 2019ರ ಅಧ್ಯಯನದ ಪ್ರಕಾರ, 1975ರಿಂದ 2000ದವರೆಗಿನ ಕರಗುವಿಕೆಗಿಂತ ಆಮೇಲಿನ 16 ವರ್ಷಗಳ ಕರಗುವ ವೇಗ ಇಮ್ಮಡಿ. ಹಿಮಾಲಯದ ಉದ್ದಕ್ಕೂ ಒಂದೇ ಬಗೆಯಾಗಿ ಕಂಡ ಈ ನಷ್ಟಕ್ಕೆ ಏರಿದ ತಾಪಮಾನವೇ ಮುಖ್ಯ ಕಾರಣವೆಂದು ಅವರು ತೀರ್ಮಾನಿಸಿದರು. ಆ ಸುದ್ದಿಗೆ 2010ರ ಗಲಾಟೆಯ ಕಾಲುಭಾಗ ಜಾಗವೂ ಸಿಗಲಿಲ್ಲ. ಜಗಳ ಕಾಯಲು ಎದುರಾಳಿ ಬೇಕಲ್ಲ!

ಅಪಾಯದ ವಿಷಯದಲ್ಲೂ ಎರಡೂ ಕಡೆಯವರು ಓದುಗರನ್ನು ದಾರಿ ತಪ್ಪಿಸಿದರು. ಗಂಗೆ ಬತ್ತಿಹೋಗುತ್ತಾಳೆ ಎಂದು ಒಬ್ಬರು ಹೆದರಿಸಿದರೆ, ಏನೂ ಆಗದು ಎಂದು ಇನ್ನೊಬ್ಬರು ಸಮಾಧಾನ ಹೇಳಿದರು. ಬಯಲಿನ ಗಂಗೆಗೆ ಹೆಚ್ಚಿನ ನೀರು ಮಳೆಯದು. ನಿಜವಾದ ಕುತ್ತು ಬೆಟ್ಟದಲ್ಲೇ ಇತ್ತು: ಹಿಮನದಿ ಹಿಂದೆ ಸರಿದ ಜಾಗದಲ್ಲಿ ಹಿಗ್ಗುವ ಸರೋವರಗಳು. 2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲೋನಾಕ್ ಸರೋವರ ಒಡೆದು, 1,200 ಮೆಗಾವಾಟ್ ಯೋಜನೆಯ ಚುಂಗ್‌ಥಾಂಗ್ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. 2035 ಬರಲು ಆಗಿನ್ನೂ 12 ವರ್ಷ ಬಾಕಿಯಿತ್ತು.