ಅಭ್ಯಾಸದ ದನಿಯನ್ನು ಕೇಳುವ ಬಗೆ

ಕಂಠದಾನ ಕಲಿಯುವವರು ಅಭ್ಯಾಸಕ್ಕೆಂದು ಮುದ್ರಿಸಿಕೊಂಡು ಇನ್ನೊಬ್ಬರ ಮುಂದಿಡುವ ತುಣುಕು ಸಾಮಾನ್ಯವಾಗಿ ಒಂದೆರಡು ನಿಮಿಷದ್ದು. ಅದು ಜಾಹೀರಾತಾಗಿರಬಹುದು, ಸಾಕ್ಷ್ಯಚಿತ್ರದ ನಿರೂಪಣೆ, ಆಡಿಯೊ ಪುಸ್ತಕದ ಒಂದು ಪುಟ ಅಥವಾ ಡಬ್ಬಿಂಗಿನ ಒಂದು ಸನ್ನಿವೇಶವಾಗಿರಬಹುದು. ಕೇಳಿದವರು ‘ಚೆನ್ನಾಗಿದೆ’ ಎಂದರೆ ಓದಿದವರಿಗೆ ಸಂತೋಷವಾಗುತ್ತದೆ, ಆದರೆ ಮುಂದಿನ ಟೇಕಿನಲ್ಲಿ ಏನು ಬದಲಿಸಬೇಕೆಂದು ತಿಳಿಯುವುದಿಲ್ಲ. ‘ಇನ್ನೂ ಸ್ವಲ್ಪ ಭಾವ ಬೇಕಿತ್ತು’ ಎಂದರೂ ತಿಳಿಯುವುದಿಲ್ಲ. ಏನು ಕೇಳಿಸಿತು, ಎಲ್ಲಿ ಕೇಳಿಸಿತು, ಕೇಳಿದಾಗ ಮನಸ್ಸಿಗೆ ಏನಾಯಿತು ಎಂಬ ಮೂರನ್ನೂ ಹೇಳುವ ಅಭಿಪ್ರಾಯ ಮಾತ್ರ ಕೆಲಸಕ್ಕೆ ಬರುತ್ತದೆ. ಅದಕ್ಕೆ ಮೊದಲು ಕೇಳುವುದನ್ನೇ ಕಲಿಯಬೇಕಾಗುತ್ತದೆ.

ಮೊದಲ ಸಲ ಸ್ಕ್ರಿಪ್ಟ್ ನೋಡದೆ, ನಡುವೆ ನಿಲ್ಲಿಸದೆ ಕೇಳಬೇಕು. ಎದುರಿಗೆ ಬರಹವಿದ್ದರೆ ಕಣ್ಣು ಮುಂದೋಡಿ ಓದಿಬಿಡುತ್ತದೆ. ಕಿವಿಗೆ ಬೀಳದ ಅಕ್ಷರವೂ ಬಿದ್ದಂತೆಯೇ ಅನ್ನಿಸುತ್ತದೆ. ಎರಡನೆಯ ಸಲ ಸ್ಕ್ರಿಪ್ಟ್ ಹಿಡಿದು, ಗಮನ ಜಾರಿದ ಜಾಗಗಳನ್ನೂ ಮನಸ್ಸು ನಿಂತ ಜಾಗಗಳನ್ನೂ ನಿಮಿಷ, ಸೆಕೆಂಡುಗಳ ಸಮೇತ ಗುರುತು ಹಾಕಿಕೊಳ್ಳಬೇಕು. ಮೂರನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಬೇಡದ ಸದ್ದುಗಳನ್ನು ಮಾತ್ರ ಹುಡುಕಿದರೆ ಸಾಕು.

ಕನ್ನಡದ ಓದಿನಲ್ಲಿ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ವಾಕ್ಯದ ಕೊನೆ. ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಕೆಲಸ ಆಯಿತೋ ಇಲ್ಲವೋ, ಮುಗಿಯಿತೋ ಮುಗಿಯಲಿದೆಯೋ, ಮಾಡಿದ್ದು ಒಬ್ಬರೋ ಹಲವರೋ ಎಂಬುದೆಲ್ಲ ಆ ಪದದ ಪ್ರತ್ಯಯಗಳಲ್ಲಿದೆ. ಉಸಿರು ತೀರುವುದೂ ಅಲ್ಲೇ. ಹಾಗಾಗಿ ಹೊಸಬರ ದನಿ ವಾಕ್ಯದ ಆರಂಭದಲ್ಲಿ ಗಟ್ಟಿಯಾಗಿದ್ದು, ಕೊನೆಯ ಎರಡು ಅಕ್ಷರ ಗಂಟಲಲ್ಲೇ ಉಳಿದುಬಿಡುವುದು ಬಹಳ ಸಾಮಾನ್ಯ. ‘ಈ ಔಷಧಿಯನ್ನು ಮಕ್ಕಳಿಗೆ ಕೊಡಬಹುದು’, ‘ಈ ಔಷಧಿಯನ್ನು ಮಕ್ಕಳಿಗೆ ಕೊಡಬಾರದು’: ಈ ಎರಡರ ವ್ಯತ್ಯಾಸವೆಲ್ಲ ಬಾಲದಲ್ಲಿದೆ. ಅಲ್ಲಿ ದನಿ ನುಂಗಿಹೋದರೆ ಅದನ್ನು ಶೈಲಿಯ ಸಣ್ಣ ಕೊರತೆ ಎಂದು ಬಿಡುವಂತಿಲ್ಲ. ಕೇಳಿದವರಿಗೆ ತಪ್ಪು ಮಾಹಿತಿಯೇ ಹೋಗಬಹುದು. ಬೆಂಗಳೂರಿನ ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿಯಾಗಿದ್ದ, 2024ರ ಜುಲೈನಲ್ಲಿ ತೀರಿಕೊಂಡ ನಿರೂಪಕಿ ಅಪರ್ಣಾ ಅವರ ಮಾತನ್ನು ಈ ದೃಷ್ಟಿಯಿಂದ ಕೇಳುವುದು ಕಿವಿಗೆ ಒಳ್ಳೆಯ ಪಾಠ. ನಿಲ್ದಾಣದ ಹೆಸರಿನಷ್ಟೇ ಸ್ಪಷ್ಟವಾಗಿ ವಾಕ್ಯದ ಕೊನೆಯ ಪದವೂ ಬಂದು ತಲುಪುತ್ತದೆ, ಅದೂ ದನಿ ಏರಿಸಿದ ಸುಳಿವಿಲ್ಲದೆ.

ಆಮೇಲೆ ಅಕ್ಷರಗಳು. ಹುಲಿ–ಹುಳಿ, ಬೆಲೆ–ಬೆಳೆ, ಅನ್ನ–ಅಣ್ಣ, ಹಕ್ಕಿ–ಅಕ್ಕಿ ಇಂಥ ಜೋಡಿಗಳಲ್ಲಿ ನಾಲಗೆ ಒಂದಿಷ್ಟು ತಪ್ಪಿದರೂ ಅರ್ಥ ಬೇರೆಯಾಗುತ್ತದೆ. ದೀರ್ಘವನ್ನು ಮೊಟಕು ಮಾಡಿದರೆ ಬಾಳೆ ಬಳೆಯಾಗುತ್ತದೆ. ಒತ್ತು ಬಿಟ್ಟರೆ ಕತ್ತೆ ಕತೆಯಾಗುತ್ತದೆ. ಇಲ್ಲಿ ಕೇಳುಗರು ಒಂದು ಎಚ್ಚರ ವಹಿಸಬೇಕು. ಹಳೆ ಮೈಸೂರು ಸೀಮೆಯ ಎಷ್ಟೋ ಜನರ ಮಾತಿನಲ್ಲಿ ಹಕಾರ ಬಿದ್ದುಹೋಗುವುದು, ಧಾರವಾಡದ ಕಡೆ ‘ಮನೆ’ ‘ಮನಿ’ಯಾಗುವುದು ಆಯಾ ಆಡುನುಡಿಯ ರೀತಿ, ಅವು ನಾಲಗೆಯ ದೋಷಗಳಲ್ಲ. ಸುದ್ದಿಯ ಓದಿನಲ್ಲಿ ಹಕಾರ ಬಿದ್ದರೆ ಹೇಳಲೇಬೇಕು. ಧಾರವಾಡದ ಅಜ್ಜಿಯ ಪಾತ್ರಕ್ಕೆ ಕೊಟ್ಟ ದನಿಯಲ್ಲಿ ‘ಮನಿ’ಯನ್ನು ‘ಮನೆ’ ಎಂದು ತಿದ್ದಹೊರಟರೆ ಪಾತ್ರದ ಜೀವವೇ ಹೋಗುತ್ತದೆ.

ಎಲ್ಲಿ ನಿಲ್ಲಿಸಿದರು ಎಂಬುದೂ ಅರ್ಥದ ವಿಷಯವೇ. ‘ಹಳೆಯ ಪುಸ್ತಕದ ಅಂಗಡಿ’ ಎಂಬಲ್ಲಿ ಮೊದಲ ಪದದ ನಂತರ ತುಸು ತಡೆದರೆ ಅಂಗಡಿ ಹಳೆಯದು. ಎರಡನೆಯದರ ನಂತರ ತಡೆದರೆ ಪುಸ್ತಕ ಹಳೆಯದು. ಇನ್ನೊಂದು ರೂಢಿಯೆಂದರೆ ಓದಿನ ರಾಗ. ಶಾಲೆಯಲ್ಲಿ ಪಾಠ ಒಪ್ಪಿಸುವಾಗ ಕೂಡಿಕೊಂಡ ಏರಿಳಿತ ಪ್ರತಿ ವಾಕ್ಯದಲ್ಲೂ ಮರಳಿ ಬರುತ್ತದೆ. ಒಂದೊಂದೇ ವಾಕ್ಯ ಕೇಳಿದಾಗ ಅದು ತಪ್ಪೆನಿಸುವುದಿಲ್ಲ; ಐದಾರು ವಾಕ್ಯಗಳನ್ನು ಸಾಲಾಗಿ ಕೇಳಿದಾಗ ಗೊತ್ತಾಗುತ್ತದೆ. ಈ ಓದು ಯಾರಿಗೆ ಹೇಳುತ್ತಿರುವ ಮಾತು ಎಂದು ಕೇಳುಗರಿಗೆ ಊಹಿಸಲಾಗದಿದ್ದರೆ, ಹಾಗೆಂದು ತಿಳಿಸುವುದೇ ಬೆಲೆಬಾಳುವ ಅಭಿಪ್ರಾಯ.

ಸದ್ದಿನ ದೋಷಗಳನ್ನು ಬೇಗ ಹೇಳಿ ಮುಗಿಸಬಹುದು. ಪಕಾರ, ಬಕಾರಗಳಲ್ಲಿ ಉಸಿರು ಮೈಕಿಗೆ ಬಡಿದು ‘ಧಪ್’ ಎನ್ನುತ್ತಿದ್ದರೆ ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇಡಬೇಕು. ಕೋಣೆ ಗುಂಯ್ಗುಡುತ್ತಿದ್ದರೆ ಸುತ್ತ ಕಂಬಳಿ, ಹಾಸಿಗೆ ಇಟ್ಟುಕೊಳ್ಳಬೇಕು. ದನಿ ಮಿತಿಮೀರಿ ಒಡೆದಿದ್ದರೆ ಮತ್ತೆ ಮುದ್ರಿಸುವುದೇ ಮೇಲು. ಆಡಿಬಲ್‌ಗೆ ಸೇರಿದ ಎಸಿಎಕ್ಸ್‌ನಂಥ ಆಡಿಯೊ ಪುಸ್ತಕದ ವೇದಿಕೆ ಹಿನ್ನೆಲೆಯ ಸದ್ದು ಮೈನಸ್ 60 ಡೆಸಿಬೆಲ್ ಮೀರಬಾರದು, ದನಿಯ ಶಿಖರ ಮೈನಸ್ 3 ದಾಟಬಾರದು ಎಂದು ಅಳತೆಯನ್ನೇ ನಿಗದಿ ಮಾಡಿದೆ. ಇವು ಉಪಕರಣದಲ್ಲಿ ಕಾಣುವ ಅಂಕಿಗಳು. ಇವುಗಳಿಗಾಗಿ ಕೇಳುಗರು ತಮ್ಮ ಗಮನವನ್ನೆಲ್ಲ ಸುರಿಯಬೇಕಿಲ್ಲ.

ಕೇಳಿದ್ದನ್ನು ಹೇಳುವಾಗ, ಓದಿದವರು ಏನನ್ನು ತಿಳಿಯಲು ಬಯಸುತ್ತಾರೆ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ‘18ನೆಯ ಸೆಕೆಂಡಿನಲ್ಲಿ ಬೆಳೆ ಎಂಬುದು ಬೆಲೆ ಎಂದು ಕೇಳಿಸಿತು, ಮಾತು ಹೊಲದ ಬಗ್ಗೆಯೋ ಮಾರುಕಟ್ಟೆಯ ಬಗ್ಗೆಯೋ ಎಂದು ಗೊಂದಲವಾಯಿತು’ ಎಂಬಂತೆ ಹೇಳಿದರೆ ತಿದ್ದಿಕೊಳ್ಳುವ ದಾರಿ ಕಾಣುತ್ತದೆ. ಮೆಚ್ಚುಗೆಗೂ ಇಷ್ಟೇ ನಿಖರತೆ ಬೇಕು: ಯಾವ ಸಾಲಿನಲ್ಲಿ ಮನಸ್ಸು ನಿಂತಿತು ಎಂದು ತಿಳಿದರೆ ಅದನ್ನು ಮತ್ತೆ ಮಾಡಬಹುದು. ಒಂದು ಸಲಕ್ಕೆ ಎರಡು ಮೂರು ಅಂಶ ಸಾಕು. ಸಾಲನ್ನು ತಾವೇ ಓದಿ ತೋರಿಸುವ ಆಸೆಯನ್ನು ಆದಷ್ಟು ತಡೆಯಬೇಕು. ಕಲಿಯುವವರು ಅರ್ಥವನ್ನು ಬಿಟ್ಟು ಆ ಏರಿಳಿತವನ್ನು ಅನುಕರಿಸತೊಡಗುತ್ತಾರೆ. ‘ದನಿ ತೆಳು’, ‘ದನಿ ಗಡಸು’ ಎನ್ನುವುದಂತೂ ಬೇಡವೇ ಬೇಡ. ಹುಟ್ಟಿನಿಂದ ಬಂದ ಕಂಠದ ಮೇಲೆ ತೀರ್ಪು ಕೊಟ್ಟರೆ ನೋವಾಗುತ್ತದೆ, ಕಲಿಕೆ ಆಗುವುದಿಲ್ಲ. ಆ ಕಂಠವನ್ನು ಬಳಸಿದ ಬಗೆಯ ಕುರಿತು ಮಾತಾಡಲು ಬೇಕಾದಷ್ಟಿದೆ.

ಅಭಿಪ್ರಾಯ ಪಡೆಯುವವರ ಮೊದಲ ತೊಡಕು ತಮ್ಮದೇ ದನಿ. ಮಾತಾಡುವಾಗ ಅದು ಗಾಳಿಯ ಜೊತೆಗೆ ತಲೆಯ ಮೂಳೆಗಳ ಮೂಲಕವೂ ಕಿವಿಗೆ ಮುಟ್ಟುತ್ತದೆ, ಹಾಗಾಗಿ ತುಂಬಿದಂತೆ ಕೇಳಿಸುತ್ತದೆ. ಮುದ್ರಿಕೆಯಲ್ಲಿ ಗಾಳಿಯ ದಾರಿ ಮಾತ್ರ ಉಳಿದು ಯಾರದೋ ದನಿಯಂತೆ ಭಾಸವಾಗುತ್ತದೆ. ಈ ಮುಜುಗರ ಎಲ್ಲರಿಗೂ ಇದೆ. ಓದು ಕೆಟ್ಟಿದೆ ಎಂಬುದಕ್ಕೆ ಅದು ಗುರುತಲ್ಲ. ಅಭಿಪ್ರಾಯ ಕೇಳುತ್ತಿರುವಾಗ ಸಮಜಾಯಿಷಿ ಕೊಡದೆ ಬರೆದುಕೊಳ್ಳುವುದು ಲೇಸು, ಏಕೆಂದರೆ ಮುದ್ರಿಕೆ ಎಲ್ಲಿಗೆ ಹೋದರೂ ಸಮಜಾಯಿಷಿ ಅದರ ಹಿಂದೆ ಹೋಗಲಾರದು. ಒಬ್ಬರು ‘ವೇಗ ಜಾಸ್ತಿ’, ಇನ್ನೊಬ್ಬರು ‘ಎಳೆದಂತಿದೆ’ ಎಂದರೆ ಇಬ್ಬರೂ ಯಾವ ಸೆಕೆಂಡಿನಲ್ಲಿ ಹಾಗೆ ಅಂದುಕೊಂಡರೆಂದು ನೋಡಬೇಕು. ಎಷ್ಟೋ ಸಲ ಇಬ್ಬರೂ ತೋರಿಸುವುದು ಒಂದೇ ಜಾಗವನ್ನು, ಮತ್ತು ಅಲ್ಲಿ ತೊಂದರೆಯಿರುವುದು ವೇಗದಲ್ಲಲ್ಲ, ತಪ್ಪಾದ ನಿಲುಗಡೆಯಲ್ಲಿ.

ತಿದ್ದಿದ ಟೇಕನ್ನು ಅದೇ ದಿನ ಮುದ್ರಿಸಿ, ಹಳೆಯದನ್ನು ಅಳಿಸದೆ ಇಟ್ಟುಕೊಳ್ಳಬೇಕು. ಕೆಲವು ತಿಂಗಳ ನಂತರ ಅದೇ ಸ್ಕ್ರಿಪ್ಟನ್ನು ಮತ್ತೆ ಓದಿ, ದಿನಾಂಕ ತಿಳಿಸದೆ ಎರಡನ್ನೂ ಅದೇ ಕೇಳುಗರಿಗೆ ಕೇಳಿಸಿ, ಹೊಸದು ಯಾವುದೆಂದು ವಿಚಾರಿಸಬಹುದು. ವಾಕ್ಯದ ಕೊನೆಗಳು ನೆಟ್ಟಗಾಗಿದ್ದರೆ ಅವರು ಅದನ್ನು ಬೇಗ ಗುರುತಿಸುತ್ತಾರೆ.