ಗುಳಿಗೆಯ ಆನಂದವೂ ಕಾವ್ಯದ ಆನಂದವೂ

ದುಃಖವನ್ನು ವರ್ಣಿಸುವುದಕ್ಕಿಂತ ಆನಂದವನ್ನು ವರ್ಣಿಸುವುದು ಕವಿಗೆ ಕಷ್ಟತರವಾದ ಕಾರ್ಯ. ದುಃಖಕ್ಕೆ ಕಾರಣವುಂಟು, ಆ ಕಾರಣವನ್ನು ಹೇಳಿದಮಾತ್ರದಿಂದಲೇ ಕೇಳುವವನ ಕಣ್ಣು ತೇವವಾಗುವುದು. ಆನಂದವಾದರೋ ತನ್ನ ಹೆಸರನ್ನು ತಾನೇ ಕೂಗಿಕೊಂಡಷ್ಟೂ ಕೇಳುವವನಿಂದ ದೂರ ಸರಿಯುವುದು. ಮದುವೆಮನೆಯ ಸಂಭ್ರಮವು ಬೀದಿಯಲ್ಲಿ ನಿಂತವನಿಗೆ ಬರಿಯ ಗದ್ದಲ. ಹೀಗಿರಲು, ಒಂದು ಗುಳಿಗೆಯನ್ನು ನುಂಗಿದುದರಿಂದ ಬಂದ ಆನಂದವನ್ನು ಅದನ್ನು ನುಂಗದ ವಾಚಕನಿಗೆ ಮುಟ್ಟಿಸುವ ಬಗೆ ಯಾವುದು? ಯೂರೋಪಿನ ಕೆಲವು ಗ್ರಂಥಕರ್ತರು ಈ ಸಾಹಸವನ್ನು ಕೈಗೊಂಡಿರುವರು. ಅವರ ಕೃತಿಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸಿದೆ.

ಮೊದಲು ವಸ್ತುವಿನ ಪರಿಚಯ ಅಗತ್ಯ. ಎಕ್ಸ್‌ಟಸಿ ಎಂದು ಜನರು ಕರೆಯುವ ಮಾದಕದ್ರವ್ಯದ ಶಾಸ್ತ್ರೀಯ ನಾಮ ಎಂಡಿಎಂಎ. ಜರ್ಮನಿಯ ಮೆರ್ಕ್ ಸಂಸ್ಥೆಯಲ್ಲಿ 1912ರಲ್ಲಿ ಹುಟ್ಟಿ ಬಹುಕಾಲ ಮರೆತುಹೋಗಿದ್ದ ಇದನ್ನು 1970ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಶುಲ್ಗಿನ್ ಮತ್ತೆ ತಯಾರಿಸಿ ಮನಶ್ಚಿಕಿತ್ಸಕರಿಗೆ ತಿಳಿಯಪಡಿಸಿದನು. ಬ್ರಿಟನ್ನಿನಲ್ಲಿ 1977ರಿಂದಲೂ ಅಮೆರಿಕದಲ್ಲಿ 1985ರಿಂದಲೂ ಇದು ನಿಷಿದ್ಧವಾಗಿದೆ. ನುಂಗಿದ ಮುಕ್ಕಾಲು ಗಂಟೆಯೊಳಗಾಗಿ ಮೆದುಳಿನಲ್ಲಿ ಸಿರೊಟೋನಿನ್ ಮೊದಲಾದ ದ್ರವ್ಯಗಳು ಒಮ್ಮೆಲೇ ಹೊರಹರಿಯುವುವು. ಮೂರು ನಾಲ್ಕು ಗಂಟೆಗಳ ಕಾಲ ಅಪರಿಚಿತನೂ ಬಂಧುವಿನಂತೆ ತೋರುವನು. ಬಳಿಕ ಕೆಲವು ದಿನಗಳ ಖಿನ್ನತೆ ಬರುವುದುಂಟು. ಇದೇ ಕಾಲಕ್ಕೆ ಚಿಕಾಗೋ ಮತ್ತು ಡೆಟ್ರಾಯಿಟ್ ನಗರಗಳ ಕಪ್ಪು ಜನಾಂಗದ ತರುಣರು ಯಂತ್ರವಾದ್ಯಗಳಿಂದ ಹೊಸದೊಂದು ನರ್ತನಸಂಗೀತವನ್ನು ಕಟ್ಟಿದರು. ನಿಮಿಷಕ್ಕೆ ಸುಮಾರು 120 ಪೆಟ್ಟುಗಳಂತೆ ರಾತ್ರಿಯೆಲ್ಲ ಮಿಡಿಯುವ ಆ ಸಂಗೀತವೂ ಈ ಗುಳಿಗೆಯೂ 1988ರ ಬೇಸಗೆಯಲ್ಲಿ ಲಂಡನ್, ಮ್ಯಾಂಚೆಸ್ಟರ್ ನಗರಗಳಲ್ಲಿ ಕೈಹಿಡಿದುಕೊಂಡು ಮೆರೆದುವು. ರೇವ್ ಎಂಬ ನರ್ತನಕೂಟಗಳು ಊರಿಂದೂರಿಗೆ ಹಬ್ಬಿದುವು.

ಭಾರತೀಯ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಇಲ್ಲಿಯ ತೊಡಕು ಕೂಡಲೇ ಗೋಚರಿಸುವುದು. ವಿಭಾವವೆಂಬ ಕಾರಣ, ಅನುಭಾವವೆಂಬ ಕಾರ್ಯ, ನಡುನಡುವೆ ಸುಳಿದಾಡುವ ಸಂಚಾರಿಭಾವ ಇವು ಮೂರೂ ಕೂಡಿದಲ್ಲಿ ರಸ. ಗುಳಿಗೆಯ ಆನಂದದಲ್ಲಿ ಅನುಭಾವಗಳಿಗೆ ಕೊರತೆಯಿಲ್ಲ: ಕಣ್ಣಗುಡ್ಡೆ ಅರಳುವುದು, ದವಡೆ ಬಿಗಿಯುವುದು, ರೋಮಾಂಚ, ಬೆವರು, ಅಪ್ಪುಗೆ. ಆದರೆ ಲೋಕದಲ್ಲಿ ಅದಕ್ಕೆ ವಿಭಾವವೇ ಇಲ್ಲ. ಪ್ರಿಯನ ಆಗಮನವಿಲ್ಲ, ಶತ್ರುವಿನ ಸೋಲಿಲ್ಲ, ಮಗುವಿನ ತೊದಲ್ನುಡಿಯಿಲ್ಲ. ಇರುವುದು ಅಂಗೈಯಲ್ಲಿ ಒಂದು ಗುಳಿಗೆ. ಕಾರಣವನ್ನು ತೋರಲಾರದ ಗ್ರಂಥಕರ್ತನು ಆನಂದದ ಹೆಸರನ್ನೇ ಮತ್ತೆ ಮತ್ತೆ ಬರೆಯುವನು. ರಸವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ. ರೇವ್ ಸಾಹಿತ್ಯದ ಬಹುಭಾಗ ಈ ದೋಷದಿಂದಲೇ ಸೊರಗಿದೆ.

ಸ್ಕಾಟ್ಲೆಂಡಿನ ಇರ್ವಿನ್ ವೆಲ್ಷ್ ಬರೆದ ‘ಎಕ್ಸ್‌ಟಸಿ’ 1996ರಲ್ಲಿ ಪ್ರಕಟವಾಯಿತು. ‘ಟ್ರೇನ್‌ಸ್ಪಾಟಿಂಗ್’ ಕಾದಂಬರಿಯಿಂದ ಮೂರು ವರ್ಷಗಳ ಹಿಂದೆಯೇ ಖ್ಯಾತಿ ಪಡೆದಿದ್ದ ಈತನ ಹೊಸ ಗ್ರಂಥದಲ್ಲಿ ಮೂರು ನೀಳ್ಗತೆಗಳಿವೆ. ಮೊದಲನೆಯದು ಪ್ರಣಯಕಥೆಗಳ ಲೇಖಕಿಯೊಬ್ಬಳ ವಿಡಂಬನೆ; ಎರಡನೆಯದು ಔಷಧ ಕಂಪನಿಯ ಮೇಲಣ ಸೇಡು. ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದುದು ಮೂರನೆಯದಾದ ‘ದಿ ಅನ್‌ಡಿಫೀಟೆಡ್’. ಲೀತ್ ಊರಿನ ಲಾಯ್ಡ್ ಹರೆಯ ದಾಟುತ್ತಿದ್ದರೂ ಕೂಟಗಳನ್ನು ಬಿಡದವನು. ಹೆದರ್ ಉದ್ಯಮಿಯೊಬ್ಬನ ಹೆಂಡತಿ, ಒಣಗಿದ ದಾಂಪತ್ಯದಲ್ಲಿ ಬೇಸತ್ತವಳು. ಇಬ್ಬರೂ ಸರದಿಯಂತೆ ತಮ್ಮ ಕಥೆಯನ್ನು ತಾವೇ ಹೇಳುವರು. ನರ್ತನಶಾಲೆಯಲ್ಲಿ ಗುಳಿಗೆಯ ಉಬ್ಬರದಲ್ಲಿ ಸಂಧಿಸಿ ಅವರು ಪ್ರೇಮಿಗಳಾಗುವರು.

ಈ ಕಥೆಯ ಗುಣ ಯಾವುದೆಂದರೆ, ಹೆದರ್ ಗುಳಿಗೆಯನ್ನು ನುಂಗುವುದಕ್ಕೆ ಮೊದಲಿನ ಪುಟಗಳು. ಗಂಡನಿಗೆ ಪ್ರಿಯವಾದ ಅದೇ ಸಂಗೀತ, ಅವನ ಕಚೇರಿಯ ಮಾತು, ಅಚ್ಚುಕಟ್ಟಾದ ಮನೆಯಲ್ಲಿ ಉಸಿರು ಕಟ್ಟುವ ಮೌನ ಇವುಗಳಿಂದ ಅವಳ ಹೃದಯದ ಬರವು ವಾಚಕನ ಅರಿವಿಗೆ ಬರುವುದು. ಬರವನ್ನು ಕಂಡವನಿಗೆ ಮಳೆಯ ಬೆಲೆಯನ್ನು ಹೇಳಬೇಕಾಗಿಲ್ಲ. ಲೀತ್ ಜನರ ಆಡುನುಡಿಯನ್ನು ಇದ್ದಂತೆಯೇ ಬರೆಹಕ್ಕೆ ಇಳಿಸಿರುವುದೂ ಮೆಚ್ಚತಕ್ಕದ್ದು. ಧಾರವಾಡದ ಮನೆಮಾತನ್ನು ನಾಟಕದಲ್ಲಿ ಕೇಳಿ ಸವಿದವರಿಗೆ ಅದರ ಬಿಸುಪು ತಿಳಿಯದಿರದು. ದೋಷವೆಂದರೆ ಗಂಡನ ಪಾತ್ರ. ಅವನನ್ನು ಗ್ರಂಥಕರ್ತನು ಹುಲ್ಲಿನ ಬೊಂಬೆಯನ್ನಾಗಿ ಮಾಡಿರುವನು. ಬೊಂಬೆಯ ಎದುರಿಗೆ ಯಾವ ಗುಳಿಗೆಯಾದರೂ ಗೆಲ್ಲುವುದು. ಗೆಲವು ಸುಲಭವಾದಷ್ಟೂ ಪ್ರೇಮವು ಹಗುರಾಗುವುದು. ಆದರೂ ಗುಳಿಗೆ ಹುಟ್ಟಿಸಿದ ಪ್ರೇಮ ಪ್ರೇಮವೇ ಎಂಬ ಸಂಶಯವನ್ನು ವೆಲ್ಷ್ ತಪ್ಪಿಸಿಕೊಂಡು ಹೋಗದೆ ಕಥೆಯೊಳಕ್ಕೇ ತಂದಿರುವನು. ಚಿಪ್ಪಿನಲ್ಲಿ ಬೆಳ್ಳಿಯನ್ನು ಕಂಡವನ ಹರ್ಷ ಆ ಗಳಿಗೆಗೆ ನಿಜವೇ. ಬೆಳಗಾದ ಮೇಲೆ ಕೈಯಲ್ಲಿ ಉಳಿದುದು ಯಾವುದೆಂಬುದೇ ಪ್ರಶ್ನೆ.

ಜರ್ಮನಿಯ ರೈನಾಲ್ಡ್ ಗೋಟ್ಜ್ 1998ರಲ್ಲಿ ಪ್ರಕಟಿಸಿದ ‘ರೇವ್’ ಬೇರೊಂದು ದಾರಿ ಹಿಡಿದಿದೆ. ವೈದ್ಯಶಾಸ್ತ್ರ, ಇತಿಹಾಸ ಎರಡರಲ್ಲಿಯೂ ಪಂಡಿತ ಪದವಿ ಪಡೆದ ಈತನು ಕೂಟಗಳಲ್ಲಿ ತಾನೇ ಬೆರೆತವನು. 2015ರಲ್ಲಿ ಆ ದೇಶದ ಹಿರಿಯ ಮನ್ನಣೆಯಾದ ಬ್ಯೂಖ್ನರ್ ಪಾರಿತೋಷಕ ಈತನಿಗೆ ಸಂದಿತು. ಈ ಗ್ರಂಥದಲ್ಲಿ ಕಥೆಯೆಂಬುದು ಇಲ್ಲವೆನ್ನುವಷ್ಟು ವಿರಳ. ವಾಕ್ಯವು ನಡುವೆಯೇ ಮೊದಲಾಗಿ ನಡುವೆಯೇ ಹರಿದುಹೋಗುವುದು. ಅರ್ಧ ಕೇಳಿದ ಮಾತು, ಕತ್ತಲೆಯಲ್ಲಿ ಹೊಳೆದ ಮುಖ, ವಾದಕರ ಹೆಸರುಗಳು, ದಣಿವು, ಮತ್ತೆ ಸಂಗೀತ. ಆನಂದದ ಹೆಸರು ಹೇಳುವ ದೋಷದಿಂದ ಪಾರಾಗುವುದಕ್ಕಾಗಿ ಗೋಟ್ಜ್ ಆನಂದದಲ್ಲಿದ್ದವರ ಒಡಕು ಮಾತನ್ನು ಮಾತ್ರ ಎತ್ತಿಕೊಟ್ಟಿರುವನು. ಇದು ಪ್ರಾಮಾಣಿಕವಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅನುಭಾವಗಳ ರಾಶಿ ವಿಭಾವದ ಸ್ಥಾನವನ್ನು ತುಂಬಲಾರದು. ಕುಡಿದವರ ನಡುವೆ ಕುಡಿಯದವನು ಕುಳಿತಂತೆ ವಾಚಕನು ಪುಟದ ಹೊರಗೇ ಉಳಿಯುವನು. ತಾಳವು ನರ್ತಿಸುವವನ ಮೈಯಲ್ಲಿ ಮಾಡುವ ಕೆಲಸವನ್ನು ಗದ್ಯವು ಕಣ್ಣಿನ ಮೂಲಕ ಮಾಡಲು ಹೋಗಿ ಸೋತಿರುವುದಕ್ಕೆ ಈ ಗ್ರಂಥ ಒಂದು ಗೌರವಾರ್ಹ ದೃಷ್ಟಾಂತ.

ಮೂರನೆಯದು ‘ಬೀಟ್ಸ್’. ಇದು ಸ್ಕಾಟ್ಲೆಂಡಿನ ಕೀರನ್ ಹರ್ಲಿ 2012ರಲ್ಲಿ ರಂಗಕ್ಕೆ ತಂದ ನಾಟಕ. ಹರ್ಲಿ ತಾನೊಬ್ಬನೇ ಕಥೆ ಹೇಳುವನು, ರಂಗದ ಮೇಲೆಯೇ ಡೀಜೆ ಸಂಗೀತವನ್ನು ನುಡಿಸುವನು. ಹರಿಕಥೆಯನ್ನು ಬಲ್ಲ ಕನ್ನಡಿಗನಿಗೆ ಈ ಏರ್ಪಾಡು ಹೊಸದೆನಿಸದು. ಇದನ್ನೇ 2019ರಲ್ಲಿ ಬ್ರಯನ್ ವೆಲ್ಷ್ ಚಲಚ್ಚಿತ್ರವಾಗಿ ನಿರ್ದೇಶಿಸಿದನು. ಕಥಾಕಾಲ 1994. ಬಯಲಿನಲ್ಲಿ ರಾತ್ರಿ 100 ಮಂದಿ ಸೇರಿ ನಡೆಸುವ ಇಂಥ ಕೂಟಗಳನ್ನು ಚದುರಿಸಲು ಪೋಲೀಸರಿಗೆ ಅಧಿಕಾರ ಕೊಡುವ ಶಾಸನ ಬ್ರಿಟನ್ನಿನಲ್ಲಿ ಆಗ ಜಾರಿಗೆ ಬಂದಿತು. ಒಂದರ ಹಿಂದೊಂದು ಮರುಕಳಿಸುವ ತಾಳದ ಪೆಟ್ಟುಗಳೆಂದು ಅದರಲ್ಲಿ ಸಂಗೀತಕ್ಕೆ ಲಕ್ಷಣವನ್ನೂ ಹೇಳಿದ್ದರು. ಲಕ್ಷಣಕಾರರ ಪಂಕ್ತಿಯಲ್ಲಿ ಪೋಲೀಸಿನವರೂ ಕುಳಿತ ಅಪೂರ್ವ ಸಂದರ್ಭವಿದು!

ಚಿತ್ರದ ಕಥೆ ಸರಳ. ಜಾನೋ, ಸ್ಪ್ಯಾನರ್ ಎಂಬ ಇಬ್ಬರು ಹುಡುಗರು ಗೆಳೆಯರು. ಜಾನೋವಿನ ತಾಯಿ ಮತ್ತು ಪೋಲೀಸ್ ವೃತ್ತಿಯ ಮಲತಂದೆ ಸಂಸಾರವನ್ನು ಹೊಸ ಬಡಾವಣೆಗೆ ಸಾಗಿಸುವ ಸಿದ್ಧತೆಯಲ್ಲಿರುವರು. ಸ್ಪ್ಯಾನರನಿಗಾದರೋ ಮನೆಯಲ್ಲಿ ಕ್ರೂರಿಯಾದ ಅಣ್ಣನ ಹೊಡೆತವೇ ಗತಿ. ಅಗಲಿಕೆ ಹತ್ತಿರವಾಗಿದೆ, ಅದಕ್ಕೆ ಮುನ್ನ ಒಂದು ರಾತ್ರಿ ಕಾನೂನಿಗೆ ಹೊರಗಾದ ಕೂಟಕ್ಕೆ ಇಬ್ಬರೂ ಹೋಗುವರು, ಗುಳಿಗೆಯನ್ನು ನುಂಗುವರು. ಕಪ್ಪುಬಿಳುಪಿನಲ್ಲಿ ಸಾಗುತ್ತಿದ್ದ ಚಿತ್ರದಲ್ಲಿ ಆಗ ಬಣ್ಣ ಸಿಡಿಯುವುದು. ನೋಡುವವನ ಎದೆಯೂ ಅರಳುವುದು. ಅವನು ಏನನ್ನೂ ನುಂಗಿಲ್ಲ. ಇದು ಹೇಗಾಯಿತು? ಭಯ, ನಾಚಿಕೆ, ಬಡತನದ ಮುಜುಗರ, ಅಗಲುವ ಸಂಕಟ ಎಂಬ ಸಂಚಾರಿಗಳೆಲ್ಲ ಮೊದಲೇ ಬಂದು ಹೋಗಿ ಸ್ನೇಹವೆಂಬ ಸ್ಥಾಯಿಯನ್ನು ಪುಷ್ಟಿಗೊಳಿಸಿದುವು. ಹುಡುಗರ ಆನಂದಕ್ಕೆ ಗುಳಿಗೆ ನಿಮಿತ್ತವಾಗಿರಬಹುದು. ಪ್ರೇಕ್ಷಕನ ಆನಂದಕ್ಕೆ ಕಾರಣ ಸ್ನೇಹ. ವೆಲ್ಷ್ ಅರ್ಧ ಸಾಧಿಸಿದುದನ್ನೂ ಗೋಟ್ಜ್ ಬೇಡವೆಂದು ಬಿಟ್ಟುದನ್ನೂ ಹರ್ಲಿಯ ಕೃತಿ ಪೂರ್ಣವಾಗಿ ಸಾಧಿಸಿದೆ.

ಈ ವಿಮರ್ಶೆ ಕಾವ್ಯಲಕ್ಷಣದ ಚರ್ಚೆಗೆ ಮಾತ್ರ ಸೀಮಿತವಾದುದಲ್ಲ. ಇದರಲ್ಲಿ ಪ್ರಾಣದ ಮಾತೂ ಅಡಗಿದೆ. 1995ರ ನವೆಂಬರಿನಲ್ಲಿ ಇಂಗ್ಲೆಂಡಿನ ಎಸೆಕ್ಸಿನಲ್ಲಿ ಲಿಯಾ ಬೆಟ್ಸ್ ಎಂಬ ಹುಡುಗಿ ತನ್ನ ಹದಿನೆಂಟನೆಯ ಹುಟ್ಟುಹಬ್ಬದ ಸಂತೋಷಕೂಟದಲ್ಲಿ, ಮನೆಯಲ್ಲಿಯೇ, ಒಂದು ಗುಳಿಗೆಯನ್ನು ನುಂಗಿ ಕೆಲವು ದಿನಗಳಲ್ಲಿ ತೀರಿಕೊಂಡಳು. ಮೈ ಕಾಯುವುದೆಂಬ ಭಯದಿಂದ ಅವಳು ಮಿತಿಮೀರಿ ನೀರು ಕುಡಿದಿದ್ದಳು. ಗುಳಿಗೆಯ ಪ್ರಭಾವದಿಂದ ದೇಹವು ಆ ನೀರನ್ನು ಹೊರಹಾಕಲಾರದಾಗಿ ಮೆದುಳು ಊದಿಕೊಂಡಿತು. ಬಿಸಿಯಾದ ಇಕ್ಕಟ್ಟು ಶಾಲೆಗಳಲ್ಲಿ ಮೈ ಉರಿದು ಸತ್ತವರೂ ಉಂಟು. ಪತ್ರಿಕೆಗಳು ಗುಳಿಗೆಯೊಂದೇ ವಿಷವೆಂದು ಬರೆದುವು. ಕೂಟದವರು ನೀರಿನದೇ ತಪ್ಪೆಂದು ಹೇಳಿದರು. ಎರಡೂ ಅರ್ಧಸತ್ಯ. ಆನಂದವನ್ನು ಹೊಗಳಿ ದೇಹವನ್ನು ಮರೆಯುವ ಬರೆಹ ಎಷ್ಟು ಸುಳ್ಳೋ, ಸಾವನ್ನು ತೋರಿಸಿ ಆನಂದವೇ ಇರಲಿಲ್ಲವೆನ್ನುವ ಉಪದೇಶವೂ ಅಷ್ಟೇ ಸುಳ್ಳು. ಎರಡನೆಯದನ್ನು ಕೇಳಿದ ತರುಣನು ಗೆಳೆಯನ ಮುಖದ ಹರ್ಷವನ್ನು ಕಂಡೊಡನೆ ಹಿರಿಯರ ಮಾತೆಲ್ಲವನ್ನೂ ಒಟ್ಟಿಗೆ ತಳ್ಳಿಬಿಡುವನು. ಅದರೊಂದಿಗೆ ನಿಜವಾದ ಎಚ್ಚರಿಕೆಯೂ ಹೋಗುವುದು.

ವೈದ್ಯರ ಅನುಭವವೂ ಇಲ್ಲಿ ನೆನೆಯತಕ್ಕದ್ದು. ಘೋರ ಅನುಭವಗಳಿಂದ ಮನಸ್ಸು ನೊಂದವರಿಗೆ ಇದೇ ದ್ರವ್ಯವನ್ನು ಕೊಡಲು ಅಧಿಕೃತ ಮನೋವೈದ್ಯರಿಗೆ ಆಸ್ಟ್ರೇಲಿಯ 2023ರ ಜುಲೈಯಿಂದ ಅನುಮತಿಯಿತ್ತಿತು. ಅಮೆರಿಕದ ಔಷಧ ಆಡಳಿತವು 2024ರಲ್ಲಿ ಸಾಕ್ಷ್ಯ ಸಾಲದೆಂದು ಒಪ್ಪಲಿಲ್ಲ. ಆದರೆ ಅದನ್ನು ಕೊಡಬೇಕೆನ್ನುವ ವೈದ್ಯರೂ ಗುಳಿಗೆಯನ್ನು ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ. ರೋಗಿಯ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತು ಅವನ ಕಥೆಯನ್ನು ಕೇಳುವರು. ಕೇಳುವವರಿಲ್ಲದ ಬಾಗಿಲು ತೆರೆದರೂ ಪ್ರಯೋಜನವಿಲ್ಲವೆಂಬುದು ಚಿಕಿತ್ಸೆಗೂ ಕಾವ್ಯಕ್ಕೂ ಸಮಾನವಾದ ಸೂತ್ರ.

ಈ ವಸ್ತು ಕನ್ನಡನಾಡಿಗೆ ದೂರದ್ದಲ್ಲ. ಉತ್ತರ ಕನ್ನಡಕ್ಕೆ ತಾಗಿರುವ ಗೋವೆಯ ಕಡಲತೀರವು 1990ರ ದಶಕದಲ್ಲಿ ತನ್ನ ಹೆಸರಿನ ನರ್ತನಸಂಗೀತವನ್ನೇ ಲೋಕಕ್ಕೆ ಕೊಟ್ಟಿತು. ಬೆಂಗಳೂರಿನ ಪತ್ರಿಕೆಗಳಲ್ಲಿ ಎಂಡಿಎಂಎ ಎಂಬ ಅಕ್ಷರಗಳು ಪೋಲೀಸ್ ವಾರ್ತೆಯಾಗಿ ಮತ್ತೆ ಮತ್ತೆ ಬರುತ್ತಿವೆ. ಅಲ್ಲಿ ಕಾಣುವುದು ಗ್ರಾಮುಗಳ ಲೆಕ್ಕ. ಹಿಡಿಯಲ್ಪಟ್ಟ ತರುಣನ ಒಂಟಿತನದ ಲೆಕ್ಕವನ್ನು ವಾರ್ತೆ ಬರೆಯಲಾರದು. ಅದು ಕಥೆಗಾರನ ಪಾಲಿಗೆ ಬಿಟ್ಟ ಕೆಲಸ. ಅವನು ಗುಳಿಗೆಯ ಬಣ್ಣವನ್ನು ವರ್ಣಿಸುವುದಕ್ಕಿಂತ ಮೊದಲು, ಗುಳಿಗೆಯಿಲ್ಲದೆ ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲಾರದೆ ಹೋದ ಗೆಳೆಯರ ಮನೆಗಳೊಳಕ್ಕೆ ಹೋಗಬೇಕು. ಅಲ್ಲಿ ವಿಭಾವವಿದೆ. ಅದನ್ನು ಕಂಡುಕೊಂಡ ಕೃತಿ ವಾಚಕನಿಗೆ ಕೊಡುವ ಆನಂದಕ್ಕೆ ಮರುದಿನದ ಖಿನ್ನತೆಯಿಲ್ಲ.