ಪ್ರಾಣೇಶಾಚಾರ್ಯರು ಹೊಣೆಗಾರರೆ?

ನಮ್ಮ ಸಂಘದ ಕಳೆದ ತಿಂಗಳ ಕೂಟದಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಮಾತು ಬಂತು. ಹಿರಿಯ ಸದಸ್ಯರೊಬ್ಬರು, “ಪ್ರಾಣೇಶಾಚಾರ್ಯರದೇನು ತಪ್ಪು ಬಿಡಿ ಸ್ವಾಮಿ, ಎಲ್ಲ ವಿಧಿ” ಎಂದು ಚರ್ಚೆಗೆ ಮಂಗಳ ಹಾಡಿಬಿಟ್ಟರು. ಅಷ್ಟರಲ್ಲಿ ಕಾಫಿಯೂ ಬಂದುದರಿಂದ ಯಾರೂ ಎದುರಾಡಲಿಲ್ಲ. ಮರುವಾರ ಕಚೇರಿ ಕೆಲಸದ ಮೇಲೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗಬೇಕಾಯಿತು. ರೈಲಿನ ಆರೇಳು ಗಂಟೆಗಳಲ್ಲಿ ಪುಸ್ತಕವನ್ನು ಇನ್ನೊಮ್ಮೆ ಓದಿದೆ. ಅಂದು ಆಡಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

1965ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಬ್ರಾಹ್ಮಣ್ಯದ ವಿಮರ್ಶೆಯೆಂದೇ ನಾವು ಓದುತ್ತ ಬಂದಿದ್ದೇವೆ. ನೆಲ್ಲೂರಿನವರಾದ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು 1970ರಲ್ಲಿ ಚಲನಚಿತ್ರವಾಗಿ ತಂದಾಗ ಗದ್ದಲವೆದ್ದದ್ದೂ, ಸೆನ್ಸಾರಿನವರು ಮೊದಲು ತಡೆದದ್ದೂ ಆ ಕಾರಣಕ್ಕೇ. ಆದರೆ ಕಾದಂಬರಿಯ ನಡುವಿರುವ ಪ್ರಶ್ನೆ ಬೇರೆಯೆಂದು ನನ್ನ ಭಾವನೆ. ಒಂದು ಕೃತ್ಯಕ್ಕೆ ಕಾರಣಗಳು ಸಿಕ್ಕ ಮಾತ್ರಕ್ಕೆ ಅದನ್ನು ಮಾಡಿದವನ ಹೊಣೆ ತೀರಿತೆ?

ಕಥೆ ವಾಚಕರಿಗೆ ತಿಳಿದದ್ದೇ. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರ ಯಾರು ಮಾಡಬೇಕೆಂದು ಆಚಾರ್ಯರು ಗ್ರಂಥಗಳನ್ನು ಹುಡುಕುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಹೂಪ್ರಸಾದಕ್ಕೆ ಕಾಯುತ್ತಾರೆ, ಅದೂ ಸಿಗುವುದಿಲ್ಲ. ಹಸಿದು ದಣಿದು ಕತ್ತಲಲ್ಲಿ ಹಿಂತಿರುಗುವಾಗ ಚಂದ್ರಿ ಎದುರಾಗುತ್ತಾಳೆ. ಮುಂದೆ ನಡೆದದ್ದಕ್ಕೆ ಕಾರಣ ಬೇಕೆಂದರೆ ಬೇಕಾದಷ್ಟಿವೆ: ಹಸಿವು, ಇರುಳು, ರೋಗಿಷ್ಠ ಹೆಂಡತಿಯ ಶುಶ್ರೂಷೆಯಲ್ಲಿ ಸವೆದ ವರ್ಷಗಳು. ಸಂಕಲ್ಪ ಮಾಡಿ ನಡೆಸಿದ ಕೃತ್ಯವಂತೂ ಅಲ್ಲ. ಹಾಗಾದರೆ ನಮ್ಮ ಹಿರಿಯರ ತೀರ್ಪೇ ಸರಿಯೆ? ವಿಚಿತ್ರವೆಂದರೆ ಆಚಾರ್ಯರೇ ಅದನ್ನು ಒಪ್ಪುವುದಿಲ್ಲ. ಊರು ಬಿಟ್ಟು ಅಲೆಯುವಾಗ ಅವರು ತಮ್ಮೊಳಗೇ ವಾದಿಸಿ ಮುಟ್ಟುವ ನಿಲುವು ಇದು: ಹತೋಟಿ ತಪ್ಪಿದ್ದು ನಿಜವೇ ಇರಬಹುದು, ಆದರೂ ಆ ತಿರುವು ತನ್ನದೇ ಎಂದು ಒಪ್ಪಿಕೊಳ್ಳುವ ತನಕ ತನಗೆ ಬಿಡುಗಡೆಯಿಲ್ಲ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿಯಾದ ವಿಚಾರ ಇನ್ನೊಂದಿಲ್ಲ.

ಬಿ.ಎಸ್‌ಸಿ. ಓದಿದ ಚಪಲದಿಂದ ಒಂದೆರಡು ಮಾತು. ಈ ಕ್ಷಣದ ಪ್ರತಿಯೊಂದು ಕಣದ ಸ್ಥಿತಿಗತಿಯನ್ನು ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೆಲ್ಲ ಕಣ್ಣೆದುರೇ ಇರುತ್ತದೆ ಎಂದು ಲಾಪ್ಲಾಸ್ 1814ರಲ್ಲಿ ವಾದಿಸಿದ. 1927ರಲ್ಲಿ ಹೈಸೆನ್‌ಬರ್ಗ್ ಅನಿಶ್ಚಿತತೆಯ ತತ್ತ್ವವನ್ನು ಮುಂದಿಟ್ಟಾಗ, ಇಗೋ ಇಚ್ಛಾಸ್ವಾತಂತ್ರ್ಯಕ್ಕೆ ಎಡೆ ಸಿಕ್ಕಿತು ಎಂದು ಕೆಲವರು ಸಂತೋಷಪಟ್ಟರು. ನನಗೆ ಆ ಸಂತೋಷ ಅರ್ಥವಾಗಿಲ್ಲ. ಎಲ್ಲೋ ಒಂದು ಎಲೆಕ್ಟ್ರಾನು ಕಾರಣವಿಲ್ಲದೆ ನೆಗೆದು ನನ್ನ ಕೈ ಆಡಿತೆಂದರೆ, ಆಡಿಸಿದವನು ನಾನು ಹೇಗಾದೇನು? 1983ರಲ್ಲಿ ಬೆಂಜಮಿನ್ ಲಿಬೆಟ್ ಎಂಬ ವಿಜ್ಞಾನಿ, ಬೆರಳು ಆಡಿಸಬೇಕೆಂಬ ಇಚ್ಛೆ ಅರಿವಿಗೆ ಬರುವುದಕ್ಕೆ ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಮೊದಲೇ ಮೆದುಳಿನಲ್ಲಿ ಸಿದ್ಧತೆ ಶುರುವಾಗಿರುತ್ತದೆಂದು ಪ್ರಯೋಗದಿಂದ ತೋರಿಸಿದ. ಆಗಲಿ. ಆಚಾರ್ಯರ ಪ್ರಶ್ನೆ ಆ ಸೆಕೆಂಡಿನದಲ್ಲ, ಮರುದಿನ ಬೆಳಗಿನದು.

ಕಾದಂಬರಿಯಲ್ಲಿ ಕಾರ್ಯಕಾರಣದ ಇನ್ನೊಂದು ಸರಪಳಿಯೂ ಇದೆ. ವಿಮರ್ಶಕರು ಅದನ್ನು ಬರಿಯ ಸಂಕೇತವೆಂದು ಬಿಟ್ಟುಬಿಡುತ್ತಾರೆ. ಅದು ಪ್ಲೇಗು. ಶಿವಮೊಗ್ಗದಿಂದ ಜ್ವರ ಹೊತ್ತುಬಂದು ನಾರಣಪ್ಪ ಸತ್ತ. ಇಲಿಗಳು ಸಾಯುತ್ತವೆ, ಹದ್ದುಗಳು ಸೂರಿನ ಮೇಲೆ ಕೂರುತ್ತವೆ. ಅಗ್ರಹಾರದವರು ಇದಕ್ಕೆಲ್ಲ ಪಾಪವನ್ನು ಕಾರಣ ಮಾಡಿ ಜಾಗಟೆ ಬಡಿಯುತ್ತಾರೆ; ಪಾರಿಜಾತಪುರದ ಮಂಜಯ್ಯ ಮಾತ್ರ ಇದು ಪ್ಲೇಗಿರಬೇಕೆಂದು ಊಹಿಸುತ್ತಾನೆ. ರೋಗಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಇಲಿಯಿಂದ ಮನುಷ್ಯನಿಗೆ ಅದನ್ನು ತರುವುದು ಚಿಗಟವೆಂದು ಸೀಮೋ 1898ರಲ್ಲಿ ಕಂಡುಕೊಂಡ. ಹಾಫ್‌ಕಿನ್ 1897ರಲ್ಲೇ ಮುಂಬಯಿಯಲ್ಲಿ ಲಸಿಕೆ ಸಿದ್ಧಪಡಿಸಿದ್ದ. ಕಾರಣ ಬಲ್ಲವನು ಚುಚ್ಚುಮದ್ದು ಹಾಕಿಸಿಕೊಂಡಾನು, ಊರು ಬಿಟ್ಟಾನು. ಅರಿಯದವನಿಗೆ ಉಳಿದದ್ದು ಜಾಗಟೆ. ಕಾರ್ಯಕಾರಣ ನಿಯಮ ನಮ್ಮ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎನ್ನುವವರು ಈ ಹದ್ದುಗಳ ಪುಟಗಳನ್ನು ಇನ್ನೊಮ್ಮೆ ಓದಬೇಕು.

ಆಚಾರ್ಯರು ಮಾಧ್ವ ಪಂಡಿತರು. ಆ ಮತದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ. ಮಧ್ವಾಚಾರ್ಯರ ಶಿಷ್ಯರಾದ ನರಹರಿತೀರ್ಥರ 1281ರ ಶಾಸನ ಇಲ್ಲಿಂದ ಉತ್ತರಕ್ಕಿರುವ ಶ್ರೀಕೂರ್ಮದಲ್ಲಿದೆ. ನಾವು ವರ್ಷಕ್ಕೊಮ್ಮೆ ಹತ್ತುವ ಸಿಂಹಾಚಲದ ಶಾಸನಗಳಲ್ಲೂ ಅವರ ಹೆಸರುಂಟು. ದ್ವೈತದಲ್ಲಿ ಹರಿಯೊಬ್ಬನೇ ಸ್ವತಂತ್ರ, ಜೀವ ಪರತಂತ್ರ. ಆದರೂ ಜೀವನಿಗೆ ಕರ್ತೃತ್ವವಿದೆ. ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳಿಗೇ ಅರ್ಥವಿಲ್ಲ. ನಮ್ಮ ಹಿರಿಯರು ಹಣೆಬರಹವೆಂಬ ಅರ್ಥದಲ್ಲಿ ಬಳಸಿದ ‘ವಿಧಿ’ಗೆ ‘ಹೀಗೆ ಮಾಡು’ ಎಂಬ ಕಟ್ಟಳೆಯ ಅರ್ಥವೂ ಇದೆಯಲ್ಲ! ಒಂದು ವಿಧಿ ನಿನ್ನ ಕೈಲಿ ಏನೂ ಇಲ್ಲ ಎನ್ನುತ್ತದೆ, ಇನ್ನೊಂದು ನಿನ್ನ ಕೈಯಿಂದಲೇ ಆಗಬೇಕು ಎನ್ನುತ್ತದೆ. ನನ್ನಂಥ ಗುಮಾಸ್ತೆಗೂ ಇದರ ಅನುಭವವಿದೆ. ಒಮ್ಮೆ ವರ್ಗಾವಣೆಗೆ ಮುಂಚೆ ‘ಒಪ್ಪಿಗೆ ಇದೆ / ಇಲ್ಲ’ ಎಂಬ ನಮೂನೆ ತುಂಬಿಸಿಕೊಂಡರು. ಇಲ್ಲ ಎಂದು ಬರೆದ ನನಗೂ, ಇದೆ ಎಂದು ಬರೆದ ಪಕ್ಕದ ಮೇಜಿನವರಿಗೂ ಒಂದೇ ದಿನ ಆರ್ಡರು ಬಂತು. ಹೊಸ ಊರಿನಲ್ಲಿ ಹೇಗೆ ಬಾಳುವುದೆಂಬ ನಮೂನೆಯನ್ನು ಮಾತ್ರ ಯಾರೂ ಕಳಿಸಲಿಲ್ಲ. ಅದನ್ನು ನಾನೇ ತುಂಬಬೇಕಾಯಿತು.

ಇಷ್ಟು ಮೆಚ್ಚಿಯೂ ಒಂದು ದೂರು ಹೇಳದೆ ಇರಲಾರೆ. ಹೊಣೆಯ ಬಗ್ಗೆ ಅಷ್ಟು ಆಳವಾಗಿ ಯೋಚಿಸುವ ಆಚಾರ್ಯರು ಕೊನೆಗೂ ಏನು ಮಾಡಿದರು? ಕೃತ್ಯದ ರಾತ್ರಿ, ನನಗೆ ಧೈರ್ಯ ಬಾರದಿದ್ದರೆ ನೀನೇ ಹೇಳು ಎಂದು ಚಂದ್ರಿಗೆ ಒಪ್ಪಿಸಿದರು. ಕಡೆಯ ಪುಟದಲ್ಲಿ ಊರಿಗೆ ಹಿಂತಿರುಗಲು ಗಾಡಿ ಹತ್ತುತ್ತಾರೆ. ಕಾದಂಬರಿ ಅಲ್ಲಿಗೇ ನಿಲ್ಲುತ್ತದೆ. ಅನಂತಮೂರ್ತಿಯವರು ಬೇಕೆಂದೇ ಹಾಗೆ ನಿಲ್ಲಿಸಿದ್ದಾರೆಂದು ಬಲ್ಲೆ. ಆದರೆ ಅದೇ ಪುಸ್ತಕದಲ್ಲಿ, ವೇದಾಂತದ ಗಂಧವಿಲ್ಲದ ಚಂದ್ರಿ ಆ ರಾತ್ರಿಯೇ ನಾರಣಪ್ಪನ ಮನೆಗೆ ಹೋಗಿ, ಹೆಣ ನೋಡಿ ಹೆದರಿ, ಮೊದಲು ಕೇಳಿದ ಗಾಡಿಯವನು ಒಲ್ಲೆನೆಂದಾಗ ಅಹಮದ್ ಬ್ಯಾರಿಯನ್ನು ಕರೆತಂದು, ಸೌದೆ ಒಟ್ಟಿಸಿ ಸುಟ್ಟು, ಬೆಳಗಿನೊಳಗೆ ಕುಂದಾಪುರದ ದಾರಿ ಹಿಡಿದಳು. ಅವಳ ತಲೆಯಲ್ಲಿ ಆಗ ಏನು ನಡೆಯಿತೆಂದು ಲೇಖಕರು ಎರಡು ಪುಟವಾದರೂ ಬರೆಯಬಹುದಿತ್ತು. ಅಗ್ರಹಾರದವರಿಗಂತೂ ಹೆಣ ಸುಟ್ಟ ಸುದ್ದಿಯೇ ತಿಳಿಯಲಿಲ್ಲ.

ಮುಂದಿನ ಕೂಟದಲ್ಲಿ ನಮ್ಮ ಹಿರಿಯರು ಇದಕ್ಕೇನನ್ನುವರೋ ಕೇಳುವ ಆಸೆಯಿದೆ. ಕಾಫಿ ಮಾತ್ರ ಸ್ವಲ್ಪ ತಡವಾಗಿ ಬರಲಿ.